ಪೊರೆಯೂ ಅಲ್ಲ, ಬಲಿಯುವುದೂ ಅಲ್ಲ

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಜಗಲಿ ಮೇಲೆ ಕೂತ ಹಿರಿಯರನ್ನು ಕಣ್ಣು ಹೇಗಿದೆ ಎಂದು ಕೇಳಿ ನೋಡಿ. 'ಪೊರೆ ಬಂದದ ಕಣಪ್ಪ, ಇನ್ನೂ ಬಲ್ತಿಲ್ಲ' ಎಂಬ ಉತ್ತರ ಬರುವುದೇ ಹೆಚ್ಚು. ಪೊರೆ ಬಲಿಯಬೇಕು, ಸುಗ್ಗಿ ಮುಗಿಯಬೇಕು, ಬೆಂಗಳೂರಿನಿಂದ ಮಗ ಬರಬೇಕು, ಆಮೇಲೆ ಆಸ್ಪತ್ರೆ. ಅಲ್ಲಿಯ ತನಕ ಗೋಡೆ ಹಿಡಿದು ಓಡಾಡಿದರಾಯಿತು.

ಈ ಕಾಯುವಿಕೆಯನ್ನು ಹಳ್ಳಿಗರ ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಪೊರೆ ಬಲಿಯಲಿ ಎಂದು ಹೇಳಿಕೊಟ್ಟವರು ವೈದ್ಯರೇ. ಕೆಲವು ದಶಕಗಳ ಹಿಂದೆ ಮಸುಕಾದ ಮಸೂರವನ್ನು ಇಡಿಯಾಗಿ ಹೊರತೆಗೆದು, ಸೋಡಾ ಬಾಟಲಿ ತಳದಂಥ ದಪ್ಪ ಕನ್ನಡಕ ಕೊಡುತ್ತಿದ್ದರು. ಆ ಕನ್ನಡಕದ ಕಷ್ಟಕ್ಕಿಂತ ಮಸುಕು ನೋಟವೇ ವಾಸಿ ಎನ್ನುವಷ್ಟು ದಿನ ಕಾಯುವುದರಲ್ಲಿ ಅರ್ಥವಿತ್ತು. ಕಣ್ಣಿನೊಳಗೇ ಕೃತಕ ಮಸೂರ ಕೂರಿಸುವ ಪದ್ಧತಿ ಬಂದ ಮೇಲೆ ಆ ಅರ್ಥ ಹೋಯಿತು, ಮಾತು ಮಾತ್ರ ಉಳಿಯಿತು. ತೊಂದರೆ ಇರುವುದು ಇಲ್ಲೇ. ಕಾಯುತ್ತಿರುವ ಆ ಕಣ್ಣಿನಲ್ಲಿ ಇರುವುದು ಪೊರೆಯೇ ಎಂದು ನೋಡಿದವರು ಯಾರು? ಅದು ಗ್ಲಾಕೋಮಾ ಆಗಿದ್ದರೆ ಬಲಿಯುವಂಥದ್ದು ಏನೂ ಇಲ್ಲ. ದಿನ ಕಳೆದಂತೆ ಸಾಯುತ್ತಾ ಹೋಗುವುದು ದೃಷ್ಟಿನರ. ಸತ್ತ ನರವನ್ನು ಬದುಕಿಸುವ ವಿದ್ಯೆ ಇವತ್ತಿಗೂ ಯಾರ ಬಳಿಯೂ ಇಲ್ಲ.

ಕಣ್ಣಿನ ಮುಂಭಾಗದಲ್ಲಿ ತಿಳಿನೀರಿನಂಥ ದ್ರವವೊಂದು ಸದಾ ಊರುತ್ತಿರುತ್ತದೆ. ಇದು ಕಣ್ಣೀರಲ್ಲ, ಒಳಗಿನ ನೀರು. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಜರಡಿಯಂಥ ಸಣ್ಣ ಬಲೆಯ ಮೂಲಕ ಅದು ಸೋರಿ ರಕ್ತ ಸೇರುತ್ತದೆ. ಊರುವುದು ನಿಲ್ಲದೆ, ಸೋರುವ ದಾರಿ ಕಟ್ಟಿಕೊಂಡರೆ ಒಳಗಿನ ಒತ್ತಡ ಏರುತ್ತದೆ. ಸಾಮಾನ್ಯ ಕಣ್ಣಿನಲ್ಲಿ ಇದು ಪಾದರಸದ ಅಳತೆಯಲ್ಲಿ 10ರಿಂದ 21 ಮಿಲಿಮೀಟರ್. ಏರಿದ ಒತ್ತಡ ಕಣ್ಣಿನ ಹಿಂದಿನ ನರದ ಎಳೆಗಳನ್ನು ಒಂದೊಂದಾಗಿ ಹೊಸಕುತ್ತದೆ. ಕೆಲವರಲ್ಲಿ ಒತ್ತಡ ಸಹಜವಾಗಿದ್ದರೂ ನರ ಸಾಯುವುದುಂಟು. ಮೊದಲು ಹೋಗುವುದು ಅಕ್ಕಪಕ್ಕದ ನೋಟ. ಎದುರಿನ ಮುಖ, ಬಸ್ಸಿನ ಬೋರ್ಡು, ಪತ್ರಿಕೆಯ ಅಕ್ಷರ ಎಲ್ಲ ಕಾಣುತ್ತಿರುತ್ತವೆ. ಪಕ್ಕದಿಂದ ಬರುವ ಎತ್ತು, ಸೈಕಲ್ಲು ಮಾತ್ರ ಕಾಣುವುದಿಲ್ಲ. ನೋವಿಲ್ಲ, ಕೆಂಪಿಲ್ಲ. ಹೀಗಾಗಿ ಆಸ್ಪತ್ರೆಗೆ ಹೋಗಲು ನೆಪವೂ ಇಲ್ಲ.

ಇನ್ನೊಂದು ಬಗೆಯದು ಹಾಗಲ್ಲ. ಸೋರುವ ಮೂಲೆಯೇ ಹಠಾತ್ತನೆ ಮುಚ್ಚಿಕೊಂಡು, ಅರೆತಲೆ ಸಿಡಿಯುವ ನೋವು, ವಾಂತಿ, ದೀಪದ ಸುತ್ತ ಕಾಮನಬಿಲ್ಲಿನ ಬಳೆ ಕಾಣಿಸುತ್ತವೆ. ಇದನ್ನು ನಮ್ಮ ಹಳಬರು ಗಮನಿಸಿದ್ದರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ 'ಅಧಿಮಂಥ' ಎಂಬ ರೋಗದ ವರ್ಣನೆಯಿದೆ. ಮಂಥನ ಅಂದರೆ ಕಡೆಯುವುದು. ಕಣ್ಣನ್ನೂ ಅರ್ಧ ತಲೆಯನ್ನೂ ಕಡೆಗೋಲಿನಿಂದ ಕಡೆದಂತಾಗುವ ನೋವು. ಉಪೇಕ್ಷಿಸಿದರೆ ಐದು, ಆರು, ಏಳು ರಾತ್ರಿಗಳಲ್ಲಿ, ಒಂದು ಬಗೆಯಲ್ಲಂತೂ ಕೂಡಲೇ, ದೃಷ್ಟಿ ನಾಶವಾಗುತ್ತದೆ ಎಂಬ ಲೆಕ್ಕವೂ ಅಲ್ಲಿದೆ. ಇದು ಇಂದಿನ ಗ್ಲಾಕೋಮಾವೇ ಎಂದು ಪ್ರಮಾಣ ಮಾಡಿ ಹೇಳುವುದು ಕಷ್ಟ. ಆದರೆ ಹೋಲಿಕೆ ಕಣ್ಣಿಗೆ ರಾಚುವಂತಿದೆ.

ಅದೇ ಗ್ರಂಥದಲ್ಲಿ ಪೊರೆಗೆ ಶಸ್ತ್ರಚಿಕಿತ್ಸೆಯೂ ಇದೆ. ಕಣ್ಣಿಗೆ ಶಲಾಕೆ ಚುಚ್ಚಿ ಮಸುಕಾದ ಮಸೂರವನ್ನು ನೋಟದ ದಾರಿಯಿಂದ ಪಕ್ಕಕ್ಕೆ ದೂಡುವುದು. ಈ ವಿದ್ಯೆ ಊರೂರು ತಿರುಗುವ ಕಣ್ಣುವೈದ್ಯರ ಕೈಗೆ ಬಂದು 20ನೇ ಶತಮಾನದವರೆಗೂ ದಕ್ಷಿಣ ಭಾರತದಲ್ಲಿ ಉಳಿದಿತ್ತು. ಚುಚ್ಚಿದ ತಕ್ಷಣ ರೋಗಿಗೆ ಬೆಳಕು ಕಾಣುತ್ತಿತ್ತು. ಜನ ಬೆರಗಾಗಿ ಕಾಸು ಕೊಡುತ್ತಿದ್ದರು. ಆಮೇಲೆ ಕಣ್ಣು ಕೀವಾದರೆ, ಒತ್ತಡ ಏರಿ ನರ ಸತ್ತರೆ ವೈದ್ಯ ಅಷ್ಟು ಹೊತ್ತಿಗೆ ಮುಂದಿನ ಊರಿನಲ್ಲಿರುತ್ತಿದ್ದ.

ಹಾಗೆ ಕೆಟ್ಟ ಕಣ್ಣುಗಳನ್ನು ಲೆಕ್ಕ ಇಟ್ಟು ನೋಡಿದವನು ಮದ್ರಾಸಿನ ಒಬ್ಬ ಮಿಲಿಟರಿ ಡಾಕ್ಟರ್. ನಮ್ಮ ಜಿಲ್ಲೆಗೂ ಮದ್ರಾಸಿಗೂ ಏನು ನಂಟು ಎಂದು ಕೇಳಬಹುದು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದರ ಎರಡು ಭಾಗಗಳ ಇತಿಹಾಸ ಬೇರೆ ಬೇರೆ. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಮೈಸೂರು ಸಂಸ್ಥಾನದವು. ಕೊಳ್ಳೇಗಾಲ ಸೀಮೆ 1956ರ ನವೆಂಬರ್ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ಒಂದೇ ಕನ್ನಡ ಮಾತಾಡುವ ನೆರೆಯೂರುಗಳ ಜನಕ್ಕೆ ಸರ್ಕಾರಿ ಕಣ್ಣಿನ ದೊಡ್ಡಾಸ್ಪತ್ರೆ ಎರಡು ದಿಕ್ಕಿನಲ್ಲಿತ್ತು. ಸಂಸ್ಥಾನದವರಿಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ. 1896ರಲ್ಲಿ ಸಣ್ಣದಾಗಿ ಆರಂಭವಾದ ಅದಕ್ಕೆ ಈಗಿನ ಕಟ್ಟಡ ಸಿಕ್ಕಿದ್ದು 1913ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಕೊಳ್ಳೇಗಾಲದವರಿಗೆ 1819ರಲ್ಲೇ ಶುರುವಾಗಿದ್ದ ಮದ್ರಾಸಿನ ಕಣ್ಣಾಸ್ಪತ್ರೆ, ಈಗಿನ ಎಗ್ಮೋರಿನದು. ಮಲೆ ಮಹದೇಶ್ವರ ಬೆಟ್ಟದ ತಪ್ಪಲಿನ ಬೇಸಾಯಗಾರನಿಗೆ ಎರಡೂ ಅಷ್ಟೇ ದೂರ ಎನ್ನಿ.

ಮದ್ರಾಸಿನ ಆ ಆಸ್ಪತ್ರೆಗೆ 1904ರಲ್ಲಿ ಮುಖ್ಯಸ್ಥನಾಗಿ ಬಂದವನು ರಾಬರ್ಟ್ ಹೆನ್ರಿ ಎಲಿಯಟ್. ಗ್ಲಾಕೋಮಾಗೆ ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಇರಲಿಲ್ಲವೆಂದಲ್ಲ. ಕಣ್ಣಿನೊಳಗೆ ಇಣುಕಿ ನರವನ್ನೇ ನೋಡುವ ಸಾಧನವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ್ದ. ಬರ್ಲಿನ್ನಿನ ಗ್ರೇಫೆ 1857ರಲ್ಲಿ ಪಾಪೆಯ ಸುತ್ತಲಿನ ಬಣ್ಣದ ಪದರದ ಚೂರನ್ನು ಕತ್ತರಿಸಿ ತೆಗೆದರೆ ಒತ್ತಡ ಇಳಿಯುತ್ತದೆ ಎಂದು ತೋರಿಸಿದ್ದ. ನೋವಿನ ಹಠಾತ್ ಬಗೆಗೆ ಅದು ವರವೇ ಆಯಿತು. ಸದ್ದಿಲ್ಲದೆ ಬರುವ ಬಗೆಗೆ ಅದರಿಂದ ಅಷ್ಟೇನೂ ಉಪಯೋಗವಾಗಲಿಲ್ಲ.

ಎಲಿಯಟ್ ಮಾಡಿದ್ದು ಬಡಗಿಯ ಕೆಲಸದಂಥದ್ದು. ಕಪ್ಪುಗುಡ್ಡೆಯೂ ಬಿಳಿಗುಡ್ಡೆಯೂ ಕೂಡುವ ಅಂಚಿನಲ್ಲಿ ಮೇಲಿನ ತೆಳು ಪದರವನ್ನು ಎತ್ತಿ, ಸುಮಾರು 2 ಮಿಲಿಮೀಟರ್ ಅಗಲದ ಕೊಳವೆಯಂಥ ಅಲಗನ್ನು ತಿರುಗಿಸಿ ಗುಂಡಗೆ ತೂತು ಕೊರೆಯುವುದು. ಆಮೇಲೆ ಪದರವನ್ನು ಮತ್ತೆ ಹೊದಿಸುವುದು. ಒಳಗಿನ ನೀರು ಆ ತೂತಿನಿಂದ ಪದರದ ಅಡಿಗೆ ಜಿನುಗಿ ಇಂಗಿಹೋಗುತ್ತದೆ. ಕೋಡಿ ಕಟ್ಟಿಕೊಂಡ ಕೆರೆಗೆ ಬೇರೆ ತೂಬು ಇಟ್ಟಂತೆ. ಹಳೆಯ ದಾರಿ ತೆರೆಯಲಾಗದಿದ್ದರೆ ಹೊಸ ದಾರಿ ಕೊಡು ಎಂಬ ಈ ಯೋಚನೆಯನ್ನು ಆತ 1909ರಲ್ಲಿ ಪ್ರಕಟಿಸಿದ. ಅದೇ ವರ್ಷ ಸ್ಕಾಟ್ಲೆಂಡಿನ ಫರ್ಗಸ್ ಎಂಬ ವೈದ್ಯನೂ ಕಣ್ಣು ಕೊರೆಯುವ ಇಂಥದೇ ವಿಧಾನ ಹೇಳಿದ್ದ. ಜಗತ್ತಿನಲ್ಲಿ ಬಳಕೆಗೆ ಬಂದು ದಶಕಗಳ ಕಾಲ ನಡೆದದ್ದು ಮಾತ್ರ ಮದ್ರಾಸಿನ ವಿಧಾನ. ಮುಂದೆ 1917ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸ ಕೊಟ್ಟು, ಶಲಾಕೆ ಚುಚ್ಚುವ ಪದ್ಧತಿಯಿಂದ ನಮ್ಮವರ ಕಣ್ಣುಗಳಿಗಾದ ಹಾನಿಯನ್ನೂ ಎಲಿಯಟ್ ವಿವರಿಸಿದ. ಹಾನಿಯ ಮುಖ್ಯ ಕಾರಣಗಳಲ್ಲಿ ಗ್ಲಾಕೋಮಾವೂ ಒಂದು. ಈತ ಜಾದೂ ಬಲ್ಲವನು ಕೂಡ. ಆಕಾಶಕ್ಕೆ ಹಗ್ಗ ಎಸೆದು ಹತ್ತುವ ಭಾರತದ ಇಂದ್ರಜಾಲ ಬರೀ ಕಟ್ಟುಕತೆ ಎಂದು 1930ರ ದಶಕದಲ್ಲಿ ಲಂಡನ್ನಿನ ಜಾದೂಗಾರರ ಸಂಘದ ಪರವಾಗಿ ಬಹುಮಾನದ ಸವಾಲು ಹಾಕಿದವನು ಇವನೇ. ಕಣ್ಣೆದುರು ಕಂಡದ್ದನ್ನೆಲ್ಲ ನಂಬಬಾರದೆಂದು ಕಣ್ಣಿನ ಡಾಕ್ಟರನಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಎಲಿಯಟ್‌ನ ತೂತಿಗೂ ದೋಷವಿತ್ತು. ನೀರು ಕೆಲವೊಮ್ಮೆ ಅಳತೆ ಮೀರಿ ಸೋರುತ್ತಿತ್ತು. ಹೊದಿಸಿದ ಪದರ ತೆಳುವಾಗಿ, ವರ್ಷಗಳ ನಂತರವೂ ಸೋಂಕು ಒಳನುಗ್ಗುತ್ತಿತ್ತು. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ತೂತಿನ ಮೇಲೆ ಬಿಳಿಗುಡ್ಡೆಯದೇ ಒಂದು ಮುಚ್ಚಳ ಉಳಿಸುವ ವಿಧಾನ ತಂದ. ಇವತ್ತು 'ಟ್ರಾಬೆಕ್ಯುಲೆಕ್ಟಮಿ' ಎಂಬ ಹೆಸರಿನಲ್ಲಿ ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದು ಇದೇ. ಮೂಲೆ ಮುಚ್ಚಿಕೊಳ್ಳುವ ಬಗೆಗೆ ಗ್ರೇಫೆ ಕತ್ತರಿಯಿಂದ ಮಾಡಿದ್ದನ್ನು ಈಗ ಲೇಸರ್ ಕಿರಣ ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ.

ಔಷಧಿಯ ಕತೆ ಗಿಡಗಳಿಂದ ಶುರು. ಆಫ್ರಿಕಾದ ಒಂದು ವಿಷದ ಬೀಜದ ಸತ್ವವನ್ನು 1876ರಲ್ಲಿ ಗ್ಲಾಕೋಮಾಗೆ ಬಳಸಿದ ಲಾಕ್ವಿಯರ್ ಸ್ವತಃ ಗ್ಲಾಕೋಮಾ ರೋಗಿ. ಅದರ ಬೆನ್ನಲ್ಲೇ ಬ್ರೆಜಿಲ್ಲಿನ ಗಿಡವೊಂದರಿಂದ ಪೈಲೋಕಾರ್ಪಿನ್ ಬಂತು. ಪಾಪೆಯನ್ನು ಕುಗ್ಗಿಸುವ ಈ ಹನಿಯನ್ನು ದಿನಕ್ಕೆ ನಾಲ್ಕು ಸಲ ಹಾಕಬೇಕು. ಹುಬ್ಬು ನೋಯುತ್ತಿತ್ತು, ಸಂಜೆಯಾದರೆ ಮಬ್ಬು. ಆದರೂ ನೂರು ವರ್ಷ ಅದೇ ಗತಿಯಾಗಿತ್ತು. 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟಿಮೋಲಾಲ್ ನೀರು ಊರುವುದನ್ನೇ ಕಡಿಮೆ ಮಾಡಿತು. 1996ರಲ್ಲಿ ಬಂದ ಲ್ಯಾಟನೋಪ್ರೋಸ್ಟ್ ರಾತ್ರಿ ಒಂದೇ ಹನಿ ಸಾಕು ಎನ್ನುವಂತೆ ಮಾಡಿತು. ಉಬ್ಬಸ ಇರುವವರಿಗೆ ಟಿಮೋಲಾಲ್ ಅಪಾಯ. ಹನಿ ಬರೆಯುವ ವೈದ್ಯರಿಗೆ ಉಬ್ಬಸದ ವಿಷಯ ಮುಂಚೆಯೇ ಹೇಳಬೇಕು.

ಇಷ್ಟೆಲ್ಲ ಇದ್ದೂ ಗ್ಲಾಕೋಮಾ ನಮ್ಮ ಕಡೆ ಜನರ ಬಾಯಿಗೆ ಬರಲಿಲ್ಲ ಏಕೆ? ನಮ್ಮ ರಾಜ್ಯದಲ್ಲಿ ಕಣ್ಣಿನ ಚಿಕಿತ್ಸೆಯೆಂದರೆ ನೆನಪಾಗುವುದು ಡಾ. ಎಂ.ಸಿ. ಮೋದಿ. ಬೀಳಗಿಯಲ್ಲಿ ಹುಟ್ಟಿದ ಅವರು ಶಾಲೆಗಳನ್ನೂ ಛತ್ರಗಳನ್ನೂ ಆಸ್ಪತ್ರೆ ಮಾಡಿಕೊಂಡು ಊರೂರಲ್ಲಿ ಶಿಬಿರ ನಡೆಸಿದರು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದ್ದು ದಾಖಲೆಯಾಯಿತು. ಜೀವಮಾನದಲ್ಲಿ ಅವರು ಮಾಡಿದ ಶಸ್ತ್ರಚಿಕಿತ್ಸೆಗಳು ಆರು ಲಕ್ಷಕ್ಕೂ ಮೀರಿದವು ಎಂಬ ಲೆಕ್ಕವಿದೆ. ಪದ್ಮಭೂಷಣ ಪಡೆದ ಅವರು 2005ರಲ್ಲಿ ತೀರಿಕೊಂಡಾಗ 'ಕಣ್ಣು ಕೊಟ್ಟ ಅಣ್ಣ' ಎಂದು ಜನ ನೆನೆದದ್ದರಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ಬಹುಕಾಲ ಪೊರೆಯನ್ನೇ ಮುಖ್ಯ ಗುರಿ ಮಾಡಿಕೊಂಡಿತು. ಕುರುಡರಲ್ಲಿ ಹೆಚ್ಚಿನವರು ಪೊರೆಯವರೇ ಆಗಿದ್ದರಿಂದ ಅದು ಸರಿಯೂ ಹೌದು.

ಆದರೆ ಶಿಬಿರದ ಗುಣವೇ ಬೇರೆ. ಬೆಳಿಗ್ಗೆ ಕುರುಡರಾಗಿ ಬಂದವರು ಪಟ್ಟಿ ಬಿಚ್ಚಿದಾಗ ಮೊಮ್ಮಗನ ಮುಖ ನೋಡುತ್ತಾರೆ, ಊರೇ ಚಪ್ಪಾಳೆ ತಟ್ಟುತ್ತದೆ. ಗ್ಲಾಕೋಮಾದಲ್ಲಿ ಆ ಗಳಿಗೆ ಬರುವುದೇ ಇಲ್ಲ. ಶಸ್ತ್ರಚಿಕಿತ್ಸೆ ಎಷ್ಟು ಚೆನ್ನಾಗಿ ಆದರೂ ನಿನ್ನೆ ಕಂಡಷ್ಟೇ ನಾಳೆಯೂ ಕಾಣುತ್ತದೆ. ಯಶಸ್ಸು ಎಂದರೆ ಅದೇ. ಇದಕ್ಕೆ ಚಪ್ಪಾಳೆ ತಟ್ಟುವವರು ಯಾರು? ಹನಿ ಹಾಕಿ ತಿಂಗಳಾದರೂ ಏನೂ ಸುಧಾರಿಸಲಿಲ್ಲ ಎಂದು ಬಾಟಲಿ ಬಿಸಾಡುವವರು ಹೆಚ್ಚಲು ಇದೇ ಕಾರಣ ಎಂದು ನನಗನ್ನಿಸುತ್ತದೆ.

ಇನ್ನೊಂದು ತಪ್ಪು ಕಲ್ಪನೆ ಒಳ್ಳೆಯ ಕೆಲಸವೊಂದರ ಬೆನ್ನಿಗೆ ಬಂದದ್ದು. ಗಡಿಯಾಚೆಯ ತಾಳವಾಡಿ ಸೀಮೆಯ ದೊಡ್ಡ ಗಾಜನೂರಿನ ಡಾ. ರಾಜ್‌ಕುಮಾರ್ ಈ ಭಾಗದವರಿಗೆ ಮನೆಯವರೇ. ಅವರು 2006ರಲ್ಲಿ ತೀರಿಕೊಂಡಾಗ ಕಣ್ಣುಗಳನ್ನು ದಾನ ಮಾಡಲಾಯಿತು. 2021ರಲ್ಲಿ ಪುನೀತ್ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ನೇತ್ರದಾನದ ಉತ್ಸಾಹ ಮನೆಮನೆಗೆ ಹಬ್ಬಿತು. ಹಾಗಾದರೆ ನಮ್ಮ ಅಜ್ಜನಿಗೂ ಒಂದು ಕಣ್ಣು ಹಾಕಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ದಾನದಲ್ಲಿ ಕೂರಿಸುವುದು ಇಡೀ ಕಣ್ಣನ್ನಲ್ಲ, ಮುಂದಿನ ಗಾಜಿನಂಥ ಕಾರ್ನಿಯಾ ಪದರವನ್ನು. ಗ್ಲಾಕೋಮಾದಲ್ಲಿ ಸತ್ತಿರುವುದು ಹಿಂದಿನ ನರ. ಗಾಜು ಬದಲಿಸಿದರೆ ಕಿತ್ತುಹೋದ ತಂತಿ ಸರಿಹೋಗುವುದಿಲ್ಲ.

ದೇಶದಲ್ಲಿ 40 ದಾಟಿದವರ ಪೈಕಿ ಸುಮಾರು 1.12 ಕೋಟಿ ಜನರಿಗೆ ಗ್ಲಾಕೋಮಾ ಇದೆಯೆಂದು 2010ರಲ್ಲಿ ಅಂದಾಜಾಗಿತ್ತು. ದಕ್ಷಿಣದ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಗಳಲ್ಲಿ ರೋಗ ಇದ್ದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿಗೆ ಅದು ತಮಗಿದೆ ಎಂದೇ ಗೊತ್ತಿರಲಿಲ್ಲ. ಅಪ್ಪ, ಅವ್ವ, ಅಣ್ಣ, ಅಕ್ಕ ಇವರಲ್ಲಿ ಯಾರಿಗಾದರೂ ಇದ್ದರೆ ಉಳಿದವರಿಗೂ ಸಂಭವ ಹೆಚ್ಚು. ಕಣ್ಣು ಕೆರೆತಕ್ಕೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಕೊಂಡ ಸ್ಟೀರಾಯ್ಡ್ ಹನಿಯನ್ನು ತಿಂಗಳುಗಟ್ಟಲೆ ಹಾಕಿಕೊಂಡರೆ ಹುಡುಗರಿಗೂ ಒತ್ತಡ ಏರುತ್ತದೆ. ಪೊರೆಯನ್ನೇ ಅತಿಯಾಗಿ ಬಲಿಯಲು ಬಿಟ್ಟರೆ ಮಸೂರ ಊದಿಕೊಂಡೋ ಒಡೆದು ಸೋರಿಯೋ ನೀರಿನ ದಾರಿ ಮುಚ್ಚುತ್ತದೆ. ಹಾಗೆ, ಬಲಿಯಲೆಂದು ಕಾದ ಪೊರೆಯೇ ಗ್ಲಾಕೋಮಾ ತಂದೊಡ್ಡುತ್ತದೆ.

ಪರೀಕ್ಷೆ ದೊಡ್ಡ ರಂಪವೇನಲ್ಲ. ಒತ್ತಡ ಅಳೆಯುವುದು, ಹನಿ ಹಾಕಿ ಪಾಪೆ ಹಿಗ್ಗಿಸಿ ನರ ನೋಡುವುದು, ಅನುಮಾನವಿದ್ದರೆ ಪಕ್ಕನೋಟದ ಪರೀಕ್ಷೆ. ಅಕ್ಷರದ ಬೋರ್ಡು ಓದಿಸಿ ಕನ್ನಡಕ ಕೊಟ್ಟರೆ ಇದು ಪತ್ತೆಯಾಗುವುದಿಲ್ಲ. ಒತ್ತಡ ನೋಡಿದಿರಾ, ನರ ನೋಡಿದಿರಾ ಎಂದು ಬಾಯಿಬಿಟ್ಟು ಕೇಳಬೇಕು. ಹನಿ ಶುರುವಾದರೆ ಸಾಮಾನ್ಯವಾಗಿ ಬಿಪಿ ಮಾತ್ರೆಯಂತೆ ಜೀವಮಾನದುದ್ದಕ್ಕೂ ಹಾಕಬೇಕು. ಕೈ ನಡುಗುವ ಅಜ್ಜಿಗೆ ಬಾಟಲಿ ಹಿಂಡಿಕೊಳ್ಳುವುದು ಸುಲಭವಲ್ಲ, ಅರ್ಧ ಹನಿ ಕೆನ್ನೆಯ ಮೇಲೇ ಹರಿದುಹೋಗುತ್ತದೆ. ಆದ್ದರಿಂದ ಮನೆಯ ಯಾರಾದರೂ ದಿನಾ ಅದೇ ಹೊತ್ತಿಗೆ ಹಾಕಬೇಕು. ಹಾಕಿದ ಮೇಲೆ ಕಣ್ಣು ಮುಚ್ಚಿಸಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿದರೆ ಔಷಧಿ ಗಂಟಲಿಗಿಳಿಯದೆ ಕಣ್ಣಿನಲ್ಲೇ ನಿಲ್ಲುತ್ತದೆ.