ಸೋಲನ್ನು ಮಾರಿದವರು

ಜೂಜಿನ ಮಾತು ಬಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಹಸ್ತಿನಾವತಿಯ ಸಭೆ. ಶಕುನಿ ದಾಳ ಉರುಳಿಸುತ್ತಾನೆ. ಧರ್ಮರಾಯ ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ಮಡದಿಯನ್ನೂ ಕಳೆದುಕೊಳ್ಳುತ್ತಾನೆ. ಗಮಕಿಗಳ ಬಾಯಲ್ಲಿ ಎಷ್ಟು ಸಲ ಕೇಳಿದರೂ ಕರುಳು ಕಿವುಚುವ ಕಥೆ. ಅಲ್ಲಿ ಮೋಸಗಾರ ಮೋಸ ಮಾಡಿದ್ದು ಗೆಲ್ಲುವುದಕ್ಕಾಗಿ. ಇದು ನಮಗೆ ಅರ್ಥವಾಗುವ ಮೋಸ. ಆದರೆ ಕ್ರೀಡೆಯ ಚರಿತ್ರೆಯಲ್ಲಿ ಇದರ ತಿರುವುಮುರುವಾದ ಇನ್ನೊಂದು ಮೋಸವಿದೆ. ಅಲ್ಲಿ ಆಟಗಾರ ಸೋಲುವುದಕ್ಕಾಗಿ ಮೋಸ ಮಾಡುತ್ತಾನೆ. ತನ್ನ ಸೋಲನ್ನು ಬೆಲೆ ಕಟ್ಟಿ ಮಾರುತ್ತಾನೆ. ಈ ಸರಕನ್ನು ಕೊಳ್ಳುವವರು ಯಾರು, ಅವರು ಕಾಲಕಾಲಕ್ಕೆ ಹೇಗೆ ಬದಲಾದರು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಗ್ರೀಸ್ ದೇಶದ ಒಲಿಂಪಿಯಾದಲ್ಲಿ ಪ್ರಾಚೀನ ಕ್ರೀಡಾಂಗಣಕ್ಕೆ ಹೋಗುವ ದಾರಿಯ ಪಕ್ಕದಲ್ಲಿ ಹದಿನಾರು ಕಲ್ಲಿನ ಪೀಠಗಳು ಸಾಲಾಗಿ ನಿಂತಿವೆ. ಅವುಗಳ ಮೇಲೆ ಒಮ್ಮೆ ಜ್ಯೂಸ್ ದೇವನ ಕಂಚಿನ ಪ್ರತಿಮೆಗಳಿದ್ದುವು. ಭಕ್ತರು ಹರಕೆಯಾಗಿ ಒಪ್ಪಿಸಿದ ಪ್ರತಿಮೆಗಳಲ್ಲ ಅವು. ಕ್ರೀಡೆಯಲ್ಲಿ ಕಪಟವೆಸಗಿದವರು ತೆತ್ತ ದಂಡದ ಹಣದಿಂದ ಎರಕ ಹೊಯ್ದವು. ಕ್ರಿ. ಶ. ಎರಡನೆಯ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪೌಸಾನಿಯಸ್ ಎಂಬ ಪ್ರವಾಸಿ ಅವುಗಳ ಕಥೆಯನ್ನು ಬರೆದಿಟ್ಟಿದ್ದಾನೆ. ಕ್ರಿ. ಪೂ. 388ರ ಕೂಟದಲ್ಲಿ ಥೆಸ್ಸಲಿಯ ಯೂಪೋಲಸ್ ಎಂಬ ಮುಷ್ಟಿಮಲ್ಲ ತನ್ನ ಮೂವರು ಎದುರಾಳಿಗಳಿಗೆ ಹಣ ಕೊಟ್ಟು ಗೆದ್ದ. ಸೋಲನ್ನು ಮಾರಿದ ಆ ಮೂವರಲ್ಲಿ ಒಬ್ಬ ಹಿಂದಿನ ಕೂಟದಲ್ಲಿ ಇದೇ ಮುಷ್ಟಿಯುದ್ಧವನ್ನು ಗೆದ್ದವನು! ಕೊಟ್ಟವನಿಗೂ ತೆಗೆದುಕೊಂಡವರಿಗೂ ದಂಡ ಬಿತ್ತು. ಆ ಹಣದಿಂದ ಆರು ಪ್ರತಿಮೆಗಳಾದವು. ಇಲ್ಲಿ ಗೆಲುವು ಸಿಗುವುದು ಕಾಲಿನ ವೇಗಕ್ಕೆ, ಮೈಯ ಬಲಕ್ಕೆ. ಹಣಕ್ಕಲ್ಲ ಎಂಬ ಅರ್ಥದ ಶಾಸನವನ್ನು ಅವುಗಳಲ್ಲಿ ಮೊದಲನೆಯದರ ಮೇಲೆ ಕೆತ್ತಿಸಿದರು.

ಕ್ರಿ. ಪೂ. 332ರಲ್ಲಿ ಅಥೆನ್ಸಿನ ಕ್ಯಾಲಿಪ್ಪಸ್ ಎಂಬವನು ಪಂಚಕ್ರೀಡೆಯಲ್ಲಿ ಇದೇ ಕೆಲಸ ಮಾಡಿ ಸಿಕ್ಕಿಬಿದ್ದ. ಅಥೆನ್ಸಿನ ಪೌರರು ದಂಡವನ್ನು ಮನ್ನಾ ಮಾಡಿಸಲು ತಮ್ಮ ಹೆಸರಾಂತ ವಾಗ್ಮಿ ಹೈಪರೈಡೀಸನನ್ನು ಕಳುಹಿಸಿದರು. ಕೂಟವನ್ನು ನಡೆಸುತ್ತಿದ್ದ ಈಲಿಸ್ ನಗರದವರು ಜಗ್ಗಲಿಲ್ಲ. ಅಥೆನ್ಸಿನವರು ಮುನಿಸಿಕೊಂಡು ಕೂಟಕ್ಕೇ ಬರುವುದನ್ನು ಬಿಟ್ಟರು. ಕಡೆಗೆ ಡೆಲ್ಫಿಯ ದೇವತೆಯೇ, ದಂಡ ತೆರುವವರೆಗೂ ನಿಮಗೆ ದೇವವಾಣಿಯಿಲ್ಲ ಎಂದುಬಿಟ್ಟಿತು. ಆಮೇಲೆ ಹಣ ಬಂತು, ಇನ್ನಾರು ಪ್ರತಿಮೆಗಳು ಎದ್ದವು. ಸ್ಪರ್ಧೆಗೆ ಹೋಗುವ ಪ್ರತಿಯೊಬ್ಬನೂ ಆ ಸಾಲನ್ನು ದಾಟಿಯೇ ಕಣಕ್ಕೆ ಇಳಿಯಬೇಕಾಗಿತ್ತು.

ಇಲ್ಲಿ ಗಮನಿಸಬೇಕಾದುದೊಂದಿದೆ. ಆ ಕಾಲದಲ್ಲಿ ಸೋಲನ್ನು ಕೊಂಡವನು ಎದುರಾಳಿಯೇ. ಅವನಿಗೆ ಬೇಕಾದದ್ದು ವಿಜಯದ ಹೂಮಾಲೆ. ಆದ್ದರಿಂದ ಕೊಂಡವನ ಮುಖ ಎಲ್ಲರಿಗೂ ಕಾಣುತ್ತಿತ್ತು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತ, 2014ರಲ್ಲಿ ವಿದ್ವಾಂಸರು ಓದಿ ಪ್ರಕಟಿಸಿದ ಒಂದು ಪಪೈರಸ್ ಹಾಳೆ ಇನ್ನೂ ಸ್ವಾರಸ್ಯವಾದುದು. ಕ್ರಿ. ಶ. 267ರ ಕರಾರು ಪತ್ರವದು. ಬಾಲಕರ ಕುಸ್ತಿಯ ಕಡೆಯ ಪಂದ್ಯದಲ್ಲಿ ನಿಕಾಂಟಿನೂಸ್ ಎಂಬ ಹುಡುಗನಿಗೆ ಡಿಮೆಟ್ರಿಯಸ್ ಎಂಬ ಹುಡುಗ ಸೋಲಬೇಕು. ಮೂರು ಸಲ ನೆಲಕ್ಕೆ ಬಿದ್ದು ಸೋಲೊಪ್ಪಿಕೊಳ್ಳಬೇಕು. ಅದಕ್ಕೆ 3,800 ದ್ರಾಕ್ಮಾ ಬೆಳ್ಳಿಯ ನಾಣ್ಯ. ಮಾತಿಗೆ ತಪ್ಪಿದರೆ ಡಿಮೆಟ್ರಿಯಸನ ಕಡೆಯವರು ಮೂರು ಟ್ಯಾಲೆಂಟ್, ಎಂದರೆ 18,000 ದ್ರಾಕ್ಮಾ ದಂಡ ತೆರಬೇಕು. ಈ ಕರಾರನ್ನು ಮಾಡಿಕೊಂಡವನು ಗೆಲ್ಲಬೇಕಾದ ಹುಡುಗನ ತಂದೆ! ಮೋಸವನ್ನು ಬರವಣಿಗೆಯಲ್ಲಿಟ್ಟು ಜಾಮೀನುದಾರರನ್ನು ನಿಲ್ಲಿಸಿಕೊಂಡ ಈ ತಂದೆಯ ವ್ಯವಹಾರಜ್ಞಾನಕ್ಕೆ ನಗಬೇಕೋ ಅಳಬೇಕೋ ನನಗೆ ತಿಳಿಯದು. ಆದರೆ ಒಂದನ್ನು ಈ ಹಾಳೆ ಹೇಳುತ್ತದೆ. ಆ ದಿನ ಕಣದ ಸುತ್ತ ಕುಳಿತವರು ಕಣ್ಣಾರೆ ನೋಡಬಹುದಾದದ್ದು ಇಬ್ಬರು ಹುಡುಗರ ಕುಸ್ತಿಯನ್ನು ಮಾತ್ರ. ಕರಾರು ಇದ್ದದ್ದು ಹಾಳೆಯಲ್ಲಿ.

ಒಬ್ಬೊಬ್ಬರೇ ಆಡುವ ಆಟದ ಸಂಕಟವೇ ಇದು. ಹನ್ನೊಂದು ಜನರ ತಂಡದಲ್ಲಿ ಒಬ್ಬ ಕಳ್ಳನಾದರೆ ಉಳಿದ ಹತ್ತು ಜನ ಅವನ ಪಕ್ಕದಲ್ಲಿರುತ್ತಾರೆ. ಮಲ್ಲನಿಗೆ, ಟೆನಿಸ್ ಆಟಗಾರನಿಗೆ, ತನ್ನ ಮನಸ್ಸಿನ ಹೊರತು ಬೇರೆ ಸಾಕ್ಷಿಯಿಲ್ಲ. ಕಾಲು ಜಾರಿತೇ, ಜಾರಿಸಿಕೊಂಡನೇ ಎಂಬುದನ್ನು ಯಾವ ತೀರ್ಪುಗಾರ ಹೇಳಬಲ್ಲ?

ಜಪಾನಿನ ಸುಮೋ ಕುಸ್ತಿಯನ್ನು ನೋಡಿ. ಅಲ್ಲಿ ಒಂದು ಕೂಟದಲ್ಲಿ ಮೇಲಿನ ದರ್ಜೆಯ ಮಲ್ಲನಿಗೆ ಹದಿನೈದು ಪಂದ್ಯ. ಎಂಟು ಗೆದ್ದರೆ ಅಂತಸ್ತು ಉಳಿಯುತ್ತದೆ ಅಥವಾ ಏರುತ್ತದೆ. ಏಳಕ್ಕೆ ನಿಂತರೆ ಇಳಿಯುತ್ತದೆ. ಮೇಲಿನ ಎರಡು ದರ್ಜೆಗಳಿಂದ ಕೆಳಗೆ ಜಾರಿದವನಿಗೆ ತಿಂಗಳ ಸಂಬಳವೇ ಇಲ್ಲ. ಮಾರ್ಕ್ ಡಗ್ಗನ್ ಮತ್ತು ಸ್ಟೀವನ್ ಲೆವಿಟ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2002ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಕಡೆಯ ದಿನ ಏಳು ಗೆಲುವು, ಏಳು ಸೋಲಿನಲ್ಲಿ ನಿಂತ ಮಲ್ಲ, ಆಗಲೇ ಎಂಟನ್ನು ಗೆದ್ದು ನಿಶ್ಚಿಂತನಾದ ಎದುರಾಳಿಯ ಮೇಲೆ ನೂರಕ್ಕೆ ಸುಮಾರು ಎಂಬತ್ತು ಸಲ ಗೆಲ್ಲುತ್ತಿದ್ದ. ಹಿಂದಿನ ಪಂದ್ಯಗಳನ್ನು ನೋಡಿದರೆ ನೂರಕ್ಕೆ ಐವತ್ತೂ ಬರಬಾರದು. ಸಂಕಟದಲ್ಲಿರುವವನು ಪ್ರಾಣವನ್ನು ಪಣವಿಟ್ಟು ಹೋರಾಡುತ್ತಾನೆ ಎಂದು ಸಮಾಧಾನ ಹೇಳಬಹುದಿತ್ತು. ಆದರೆ ಅದೇ ಇಬ್ಬರು ಮುಂದಿನ ಸಲ ಸೇರಿದಾಗ ಮೊದಲು ಗೆದ್ದವನು ಹೆಚ್ಚಾಗಿ ಸೋಲುತ್ತಿದ್ದ. ಎಂದರೆ ಸಾಲ ತೀರುತ್ತಿತ್ತು. ಈ ಲೆಕ್ಕವನ್ನು ಬಹಳ ಮಂದಿ ನಂಬಲಿಲ್ಲ. ಮಲ್ಲರು ಬೇಸ್‌ಬಾಲ್ ಆಟದ ಮೇಲೆ ಜೂಜಾಡುತ್ತಿದ್ದಾರೆಂಬ ಬೇರೊಂದು ತನಿಖೆಗಾಗಿ ಪೊಲೀಸರು ಅವರ ಫೋನುಗಳನ್ನು ವಶಪಡಿಸಿಕೊಂಡಿದ್ದರು. 2011ರಲ್ಲಿ ಆ ಫೋನುಗಳೊಳಗಿನ ಸಂದೇಶಗಳು ಹೊರಬಿದ್ದವು. ಯಾವ ಪಂದ್ಯದಲ್ಲಿ ಯಾರು ಹೇಗೆ ಬೀಳಬೇಕೆಂಬ ಮಾತುಕತೆ ಅವುಗಳಲ್ಲಿ ಅಚ್ಚಳಿಯದೆ ಇತ್ತು. ಆ ವರ್ಷದ ಮಾರ್ಚ್ ಕೂಟವೇ ರದ್ದಾಯಿತು. 1946ರ ಮೇಲೆ ಅಂಥದು ನಡೆದಿರಲಿಲ್ಲ.

ಇಲ್ಲಿಯವರೆಗೆ ಸೋಲನ್ನು ಕೊಂಡವರು ಎದುರಾಳಿ, ತಂದೆ, ಜೊತೆಗಾರ. ಎಲ್ಲರೂ ಕಣದ ಹತ್ತಿರದವರು. ಇಂಟರ್‌ನೆಟ್ಟಿನ ಬಾಜಿ ಬಂದ ಮೇಲೆ ಹೊಸ ಗಿರಾಕಿಯೊಬ್ಬ ಸೇರಿಕೊಂಡ. ಅವನಿಗೆ ಯಾರು ಗೆದ್ದರೂ ಒಂದೇ. ಏನಾಗುವುದೆಂಬುದು ತನಗೆ ಮುಂಚೆ ತಿಳಿದಿದ್ದರೆ ಸಾಕು. ಅವನು ಯಾವುದೋ ಖಂಡದ ಯಾವುದೋ ಕೋಣೆಯಲ್ಲಿ ಕುಳಿತಿರುತ್ತಾನೆ. ಇಡೀ ಪಂದ್ಯವನ್ನೇ ಸೋಲಬೇಕಾಗಿಲ್ಲ. ಒಂದು ಸೆಟ್ಟು, ಒಂದು ಗೇಮು ಸೋತುಕೊಟ್ಟರೂ ಅವನ ಬಾಜಿ ಗಿಟ್ಟುತ್ತದೆ.

2007ರ ಆಗಸ್ಟಿನಲ್ಲಿ ಪೋಲೆಂಡಿನ ಸೊಪೊಟ್ ನಗರದಲ್ಲಿ ಆಗ ಲೋಕದ ನಾಲ್ಕನೆಯ ಆಟಗಾರನಾಗಿದ್ದ ರಷ್ಯದ ನಿಕೊಲಾಯ್ ಡವಿಡೆಂಕೊ ಅರ್ಜೆಂಟೀನಾದ ಒಬ್ಬ ಸಾಮಾನ್ಯ ಆಟಗಾರನ ಮೇಲೆ ಆಡುತ್ತಿದ್ದ. ಮೊದಲ ಸೆಟ್ಟನ್ನು ಡವಿಡೆಂಕೊ ಗೆದ್ದ. ಅವನು ಗೆಲ್ಲುತ್ತಿರುವಾಗಲೇ ಅವನು ಸೋಲುತ್ತಾನೆಂಬ ಕಡೆಗೆ ಬಾಜಿಯ ಹಣ ಹೊಳೆಯಾಗಿ ಹರಿಯಿತು. ಮೂರನೆಯ ಸೆಟ್ಟಿನಲ್ಲಿ ಕಾಲುನೋವೆಂದು ಅವನು ಆಟ ನಿಲ್ಲಿಸಿದ. ಬಾಜಿಯ ಕಂಪನಿ ಬೆಟ್‌ಫೇರ್ ಆ ಪಂದ್ಯದ ಮೇಲಿನ ಬಾಜಿಗಳನ್ನೆಲ್ಲ ರದ್ದುಮಾಡಿತು. ಒಂದು ವರ್ಷಕ್ಕೂ ಮಿಕ್ಕಿ ವಿಚಾರಣೆ ನಡೆದು, 2008ರಲ್ಲಿ ಇಬ್ಬರು ಆಟಗಾರರ ಮೇಲೂ ಯಾವ ಆಧಾರವೂ ಇಲ್ಲವೆಂದು ತೀರ್ಮಾನವಾಯಿತು. ಅವರನ್ನು ನಿರಪರಾಧಿಗಳೆಂದೇ ನಾವು ತಿಳಿಯಬೇಕು. ಆದರೆ ವಿಚಾರಣೆ ನಡೆಯುತ್ತಿದ್ದ ದಿನಗಳಲ್ಲಿ ಆ ಮನುಷ್ಯನ ಪಾಡೇನಾಯಿತು? ಅಕ್ಟೋಬರಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಪಂದ್ಯವೊಂದರಲ್ಲಿ ಅವನು ಸರ್ವ್‌ಗಳನ್ನು ತಪ್ಪಿದಾಗ, ನೀನು ಪೂರ್ಣ ಪ್ರಯತ್ನ ಮಾಡುತ್ತಿಲ್ಲ ಎಂದು ತೀರ್ಪುಗಾರ ಅಂಗಣದಲ್ಲೇ ಎಚ್ಚರಿಕೆ ಕೊಟ್ಟ. 2,000 ಡಾಲರು ದಂಡವೂ ಬಿತ್ತು. ಆಮೇಲೆ ಮೇಲ್ಮನವಿಯಲ್ಲಿ ಅದು ರದ್ದಾಯಿತು. ಒಮ್ಮೆ ಸಂಶಯದ ಹೊಗೆ ಎದ್ದಿತೆಂದರೆ ದಣಿದ ತೋಳಿಗೂ ಮಾರಿಕೊಂಡ ತೋಳಿಗೂ ವ್ಯತ್ಯಾಸ ಕಾಣುವುದಿಲ್ಲ.

ಕಂಪ್ಯೂಟರಿನ ಮುಂದೆ ಕುಳಿತು ಆಡುವುದೂ ಒಂದು ಕ್ರೀಡೆಯೇ ಎಂದು ಮೂಗು ಮುರಿಯುವ ಹಿರಿಯರ ಸಾಲಿನಲ್ಲಿ ನಾನೂ ಇದ್ದೆ. ದಕ್ಷಿಣ ಕೊರಿಯದ ಕಥೆಯನ್ನು ತಿಳಿದ ಮೇಲೆ ಸುಮ್ಮನಾದೆ. 1998ರಲ್ಲಿ ಹೊರಬಂದ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧದ ಆಟ ಅಲ್ಲಿ ಮನೆಮಾತಾಯಿತು. ಟೆಲಿವಿಷನ್ನಿನಲ್ಲಿ ಅದಕ್ಕೆಂದೇ ಚಾನೆಲ್ಲುಗಳು, ಸಂಬಳದ ಆಟಗಾರರು, ಅಭಿಮಾನಿಗಳ ಪಡೆ. ಇಬ್ಬರು ಎದುರುಬದುರಾಗಿ ಕುಳಿತು ನಿಮಿಷಕ್ಕೆ ಮುನ್ನೂರು ಸಲ ಬೆರಳಾಡಿಸಿ ತಮ್ಮ ತಮ್ಮ ಸೇನೆಯನ್ನು ನಡೆಸುತ್ತಾರೆ. ಆ ಮುನ್ನೂರರಲ್ಲಿ ಒಂದು ಬೆರಳು ಅರೆ ಗಳಿಗೆ ತಡವಾದರೆ ಯಾರಿಗೆ ಗೊತ್ತಾಗಬೇಕು? ಮಾ ಜೆ-ಯೂನ್ ಎಂಬವನು 2007ರ ಹೊತ್ತಿಗೆ ಈ ಆಟದ ಶಿಖರದಲ್ಲಿದ್ದ. ಜನ ಅವನನ್ನು ಮೇಸ್ಟ್ರೊ ಎಂದು ಕರೆಯುತ್ತಿದ್ದರು. 2010ರಲ್ಲಿ ಗುಟ್ಟು ಒಡೆದಾಗ ಇವನೇ ಜೂಜುಕೋರರಿಗೂ ಆಟಗಾರರಿಗೂ ನಡುವಿನ ದಲ್ಲಾಳಿಯಾಗಿದ್ದನೆಂಬುದು ಹೊರಬಂತು. ಬೇಲಿಯೇ ಎದ್ದು ಹೊಲವನ್ನು ಮೇಯ್ದಿತ್ತು. ಕೊರಿಯದ ಇ-ಸ್ಪೋರ್ಟ್ಸ್ ಸಂಘ ಹನ್ನೊಂದು ಆಟಗಾರರನ್ನು ಶಾಶ್ವತವಾಗಿ ಹೊರಗಟ್ಟಿತು. ಮಾ ಜೆ-ಯೂನ್‌ಗೆ ಒಂದು ವರ್ಷದ ಸೆರೆ ಎಂದು ತೀರ್ಪಾಗಿ, ಅದನ್ನು ಅಮಾನತಿನಲ್ಲಿಟ್ಟರು.

ಪಾಠ ಕಲಿತರೇ? ಅದೇ ಆಟದ ಎರಡನೆಯ ಅವತಾರದಲ್ಲಿ ಲೀ ಸೆಂಗ್-ಹ್ಯುನ್ ಎಂಬ ಹುಡುಗ ಹದಿನೈದನೆಯ ವಯಸ್ಸಿಗೇ ಕೊರಿಯದ ದೊಡ್ಡ ಪ್ರಶಸ್ತಿಯನ್ನು ಗೆದ್ದ. 2014ರಲ್ಲಿ ಲೋಕದ ಪ್ರಶಸ್ತಿಯೂ, ಒಂದು ಲಕ್ಷ ಡಾಲರು ಬಹುಮಾನವೂ ಬಂತು. 2015ರ ಮೇ ತಿಂಗಳಲ್ಲಿ ಅವನು ಏಳು ಕೋಟಿ ವಾನ್ ಪಡೆದು ಎರಡು ಪಂದ್ಯಗಳನ್ನು ಸೋತುಕೊಟ್ಟ. ಮರುವರ್ಷ ನ್ಯಾಯಾಲಯ ಅಮಾನತಿನ ಸೆರೆಯನ್ನೂ ಅಷ್ಟೇ ಮೊತ್ತದ ದಂಡವನ್ನೂ ವಿಧಿಸಿತು. ಆಟದ ಬಾಳು ಮುಗಿಯಿತು.

ಬಡತನವೇ ಇದಕ್ಕೆ ಕಾರಣ ಎನ್ನುವವರಿದ್ದಾರೆ. ಅರ್ಧ ನಿಜ. ಟೆನಿಸ್ ಕುರಿತು ಸ್ವತಂತ್ರ ಪರಿಶೀಲನಾ ಮಂಡಲಿ 2018ರಲ್ಲಿ ಕೊಟ್ಟ ವರದಿಯ ಪ್ರಕಾರ, ವೃತ್ತಿಪರರೆನಿಸಿಕೊಂಡ ಸುಮಾರು 15,000 ಆಟಗಾರರಲ್ಲಿ ಖರ್ಚಿಗೆ ಸರಿಯಾಗಿ ಸಂಪಾದಿಸುವವರು 250ರಿಂದ 350 ಮಂದಿ ಮಾತ್ರ. ಅಂಥ ಕೆಳಗಿನ ಪಂದ್ಯಗಳ ಅಂಕವನ್ನು ಕ್ಷಣಕ್ಷಣಕ್ಕೂ ಬಾಜಿಯವರಿಗೆ ಮಾರಿದ್ದು ಆಟದ ಒಡೆತನ ನಡೆಸುವವರೇ. ಹಸಿದವನ ಮುಂದೆ ಅಂಗಡಿ ತೆರೆದಿಟ್ಟು ಆಮೇಲೆ ಕಳ್ಳತನವಾಯಿತೆಂದು ಕೂಗುವುದು ಪೂರ್ತಿ ನ್ಯಾಯವಲ್ಲ. ಆದರೆ ಲೀ ಹಸಿದವನಾಗಿರಲಿಲ್ಲ. ಒಲಿಂಪಿಯಾದ ಹಿಂದಿನ ವಿಜೇತನೂ ಬರಿಗೈಯವನಾಗಿರಲಾರ. ಯಾರೂ ನೋಡಲಾಗದ ಕಡೆ ಸಿಗುವ ಹಣಕ್ಕೆ ಹಸಿವಿನ ನೆವವೂ ಬೇಕಿಲ್ಲ.

ಹಾಗಾದರೆ ಕಾಯುವುದು ಹೇಗೆ? ಇದಕ್ಕೆ ನಮ್ಮವನೇ ಒಬ್ಬ ಹಿಂದೆ ಉತ್ತರ ಕೊಟ್ಟಿದ್ದಾನೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಜೂಜೆಲ್ಲ ಒಂದೇ ಕಡೆ ನಡೆಯಬೇಕು. ಬೇರೆ ಕಡೆ ಆಡಿದವನಿಗೆ ಹನ್ನೆರಡು ಪಣ ದಂಡ. ಗೆದ್ದ ಹಣದಲ್ಲಿ ನೂರಕ್ಕೆ ಐದು ರಾಜನಿಗೆ. ಗುಟ್ಟಾಗಿ ಬದುಕುವವರನ್ನು ಕಂಡುಹಿಡಿಯುವುದಕ್ಕಾಗಿ ಈ ಏರ್ಪಾಡು ಎಂದೂ ಅವನು ಹೇಳುತ್ತಾನೆ. ಕೌಟಿಲ್ಯ ಮನುಷ್ಯನ ಮುಖವನ್ನು ನಂಬಲಿಲ್ಲ, ಹಣ ಹೋಗುವ ದಾರಿಯನ್ನು ನಂಬಿದ. ಸುಮೋದ ಲೆಕ್ಕ, ಸೊಪೊಟ್‌ನ ಬಾಜಿಯ ಹೊಳೆ, ಕುಸ್ತಿಯ ಕರಾರು, ಎಲ್ಲವೂ ಅದನ್ನೇ ಹೇಳುತ್ತವೆ: ಕಣವನ್ನು ದಿಟ್ಟಿಸಿ ಈ ಕಳ್ಳನನ್ನು ಹಿಡಿಯಲಾಗದು, ಲೆಕ್ಕದ ಪುಸ್ತಕವನ್ನು ನೋಡಬೇಕು. ಇಂದು ಜೂಜು ಒಂದು ಕಡೆ ನಡೆಯುವುದಿಲ್ಲ, ನೂರು ದೇಶಗಳಲ್ಲಿ ಚದುರಿ ನಡೆಯುತ್ತದೆ. ಕಾವಲುಗಾರನ ಕಷ್ಟ ಹೆಚ್ಚಿದೆ, ಕೆಲಸ ಮಾತ್ರ ಅದೇ.

ಆದರೆ ಹಣದ ಲೆಕ್ಕಕ್ಕೂ ಒಂದು ಮಿತಿಯುಂಟು. ಹಣದ ಹೊಳೆ ಸಂಶಯವನ್ನು ಹುಟ್ಟಿಸುತ್ತದೆ, ಅಪರಾಧವನ್ನು ಸಾಬೀತು ಮಾಡುವುದಿಲ್ಲ. ಡವಿಡೆಂಕೊನ ಕಥೆ ಅದಕ್ಕೆ ಸಾಕ್ಷಿ. ಸೋಲನ್ನು ಮಾರಿದವನು ಜೂಜುಕೋರನನ್ನು ವಂಚಿಸಿದನೆಂದು ನಾನು ಬಹಳ ಮರುಗುವವನಲ್ಲ. ಮರುಕ ಬರುವುದು ಸರಿಯಾಗಿ ಆಡಿ ಸೋತವನ ಮೇಲೆ. ಸೋಲಿನಲ್ಲಿ ಅವನಿಗೆ ಉಳಿಯುವ ಆಸ್ತಿ ಒಂದೇ: ಕೈಲಾದಷ್ಟು ಆಡಿದೆ ಎಂಬ ಮಾತು, ಅದನ್ನು ನಂಬುವ ನಾಲ್ಕು ಜನ. ಸೋಲನ್ನು ಮಾರಿದವನು ತನ್ನದನ್ನಷ್ಟೇ ಮಾರಲಿಲ್ಲ, ಇವನದನ್ನೂ ಮಾರಿಬಿಟ್ಟ. ಒಲಿಂಪಿಯಾದ ಕಂಚಿನ ದೇವರುಗಳು ಎಂದೋ ಹೋದರು, ಪೀಠಗಳು ಉಳಿದಿವೆ. ಆ ದಾರಿಯಲ್ಲಿ ನಡೆದು ಹೋಗಿ ನ್ಯಾಯವಾಗಿ ಸೋತು ಬಂದ ಸಾವಿರಾರು ಜನರ ಹೆಸರನ್ನು ಮಾತ್ರ ಯಾರೂ ಯಾವ ಕಲ್ಲಿನ ಮೇಲೂ ಕೆತ್ತಲಿಲ್ಲ.