ಗೌರಸಮುದ್ರದಿಂದ ಸಮುದ್ರದವರೆಗೆ

(ಬಾನುಲಿ ಭಾಷಣ)

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಗೌರಸಮುದ್ರವೆಂಬ ಊರಿದೆ. ಮಾರಮ್ಮನ ಜಾತ್ರೆಯಿಂದ ಆ ಊರಿನ ಹೆಸರು ಗಡಿಯಾಚೆಯ ಆಂಧ್ರದ ಹಳ್ಳಿಗಳಲ್ಲಿಯೂ ಪರಿಚಿತ. ಜಾತ್ರೆಯ ದಿನ ಒಕ್ಕಲುಮಕ್ಕಳು ತಾವು ಬೆಳೆದ ಈರುಳ್ಳಿಯನ್ನು ದೇವಿಗೆ ತೂರಿ ಹರಕೆ ತೀರಿಸುತ್ತಾರೆ. ಕಡಲು ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಮಿಕ್ಕ ದೂರದಲ್ಲಿದೆ. ವರ್ಷಕ್ಕೆ ಐನೂರು ಮಿಲಿಮೀಟರಿನ ಆಸುಪಾಸು ಮಳೆ ಬಿದ್ದರೆ ಅದೇ ಪುಣ್ಯವೆನ್ನುವ ಸೀಮೆ ಅದು. ಆ ಭಾಗದಲ್ಲಿ ಹುಟ್ಟಿದ ನನಗೆ ಬಾಲ್ಯದಲ್ಲಿ ಒಂದು ಪ್ರಶ್ನೆ ಕಾಡುತ್ತಿತ್ತು: ಇಲ್ಲಿ ಸಮುದ್ರವೆಲ್ಲಿದೆ?

ನನ್ನ ಅವ್ವ ಇದಕ್ಕೆ ಕೊಡುತ್ತಿದ್ದ ಉತ್ತರ ಸರಳವಾಗಿತ್ತು. “ಕೆರೆ ತುಂಬಿದರೆ ಅದೇ ಸಮುದ್ರ ಕಣಪ್ಪ.” ಮುಂದೆ ಇತಿಹಾಸವನ್ನು ಓದತೊಡಗಿದಾಗ ಅವಳ ಮಾತು ಶಾಸನಗಳ ಮಾತೂ ಹೌದೆಂದು ತಿಳಿಯಿತು. ನಮ್ಮ ಪೂರ್ವಿಕರು ದೊಡ್ಡ ಕೆರೆಯನ್ನು ಸಮುದ್ರವೆಂದೂ ಸಾಗರವೆಂದೂ ಕರೆದರು. ಹೊಯ್ಸಳರ ರಾಜಧಾನಿಯು ದೋರಸಮುದ್ರವೆನಿಸಿದ್ದು ಕೆರೆಯಿಂದ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ಅಣೆಕಟ್ಟಿನ ಜಲಾಶಯವೂ ವಾಣಿವಿಲಾಸ ಸಾಗರವೇ ಆಯಿತು. ನೀರು ಅಪರೂಪವಾದ ನಾಡಿನಲ್ಲಿ ನೀರಿಗೆ ದೊಡ್ಡ ಹೆಸರಿಡುವುದು ಜಂಬದ ಮಾತಲ್ಲ; ಅದೊಂದು ಪ್ರಾರ್ಥನೆ.

ಆದರೆ ಭೂವಿಜ್ಞಾನಿಗಳು ಹೇಳುವ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಚಿತ್ರದುರ್ಗದಿಂದ ಹಿರಿಯೂರಿನ ಕಡೆಗೆ ಹೋಗುವಾಗ ಐಮಂಗಲದ ಸಮೀಪದಲ್ಲಿ ಮರಡಿಹಳ್ಳಿ ಸಿಗುತ್ತದೆ. ಅಲ್ಲಿಯ ಬಂಡೆಗಳು ಒಂದರ ಮೇಲೊಂದು ಒಟ್ಟಿದ ತಲೆದಿಂಬುಗಳಂತೆ ಕಾಣುತ್ತವೆ. ಕುದಿಯುವ ಶಿಲಾರಸವು ನೀರಿನ ಅಡಿಯಲ್ಲಿ ಉಕ್ಕಿ ಥಟ್ಟನೆ ತಣಿದಾಗ ಮಾತ್ರ ಇಂಥ ಆಕಾರ ಮೂಡುತ್ತದೆ. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಇದೇ ಶಿಲಾಪಟ್ಟಿಯಲ್ಲಿ, ಮಾರಿಕಣಿವೆಯ ಸುತ್ತಮುತ್ತ, ಸುಣ್ಣಕಲ್ಲಿನ ಪದರಗಳಿವೆ. ಆಳವಿಲ್ಲದ ಕಡಲಿನಲ್ಲಿ ಬಾಳಿದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆಗಳ ಗುರುತು ಅವುಗಳಲ್ಲಿ ಉಳಿದಿದೆ. ಇವೆಲ್ಲ 250 ಕೋಟಿ ವರ್ಷಗಳಷ್ಟು ಹಿಂದಿನ ಮಾತು. ಎಂದರೆ, ಇಂದು ಕುರಿಹಿಂಡು ಮೇಯುವ ಈ ಬಯಲು ಒಂದು ಕಾಲಕ್ಕೆ ಸುಣ್ಣಕಲ್ಲಿನ ಕಡಲತೀರವಾಗಿತ್ತು. ಗೌರಸಮುದ್ರದ ಹೆಸರನ್ನು ಇಟ್ಟವರಿಗೆ ಇದು ತಿಳಿದಿರಲಿಲ್ಲ. ಆದರೂ ಅವರು ಸುಳ್ಳು ಹೇಳಲಿಲ್ಲ.

ಆ ಕಡಲು ಹಿಂಜರಿದ ಮೇಲೆಯೂ ಸಮುದ್ರವು ಈ ಸೀಮೆಯನ್ನು ಬೇರೆ ರೀತಿಯಲ್ಲಿ ತಲುಪುತ್ತಲೇ ಇತ್ತು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳನ್ನು ಬರೆದ ಚಪಡನೆಂಬ ಲಿಪಿಕಾರನು ತನ್ನ ವೃತ್ತಿಯ ಹೆಸರನ್ನು ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಇಷ್ಟು ದೂರಕ್ಕೆ ಬಂದವನು ತನ್ನ ನಾಡಿನ ಅಕ್ಷರವನ್ನು ಮರೆಯಲಾರದೆ ಹೋದನೇನೋ! 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಅಗೆಸಿದಾಗ, ಪೂರ್ವ ಕರಾವಳಿಯ ಅರಿಕಮೇಡು ಬಂದರಿನಲ್ಲಿ ದೊರೆತಂಥದೇ ಚಕ್ರರೇಖೆಯ ಮಡಕೆಚೂರುಗಳು ಸಿಕ್ಕವು. ಅದು ಮೆಡಿಟರೇನಿಯನ್ ನಾಡಿನ ಸರಕೆಂದು ಅವರು ಎಣಿಸಿದ್ದರು. ಅದು ಬಹುಮಟ್ಟಿಗೆ ಭಾರತದಲ್ಲಿಯೇ ತಯಾರಾದುದೆಂದು ಈಚಿನ ವಿದ್ವಾಂಸರು ತೋರಿಸಿದ್ದಾರೆ. ಹೇಗಾದರೂ, ರೇವಿನ ಮಡಕೆ ಮೊಳಕಾಲ್ಮುರಿನ ಅಡುಗೆಮನೆಗೆ ಬಂದಿತ್ತೆಂಬುದು ನಿಜ. ಚಿತ್ರದುರ್ಗದ ಮಗ್ಗುಲಲ್ಲಿರುವ ಚಂದ್ರವಳ್ಳಿಯಲ್ಲಿಯಂತೂ ರೋಮಿನ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳೇ ದೊರೆತಿವೆ.

ಅದೇ ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪುಟ್ಟದೊಂದು ಪ್ರಾಕೃತ ಶಾಸನವಿದೆ. ತಾನು ಗೆದ್ದ ನಾಡುಗಳ ಹೆಸರುಗಳ ಜೊತೆಗೆ ಅವನು ಅಲ್ಲಿ ಬರೆಸಿದ್ದು ತಾನು ಒಂದು ಕೆರೆ ಕಟ್ಟಿಸಿದೆನೆಂಬುದನ್ನು. ಬನವಾಸಿಯಿಂದ ಆಳಿ ಪಶ್ಚಿಮದ ಕಡಲನ್ನು ಬಲ್ಲ ವಂಶದ ಮೂಲಪುರುಷ, ಬಯಲುಸೀಮೆಗೆ ಬಂದಾಗ ಕೆರೆಯನ್ನೇ ತನ್ನ ಕೀರ್ತಿಯೆಂದು ತಿಳಿದನು.

ಭೂಪಟದಲ್ಲಿ ಚಳ್ಳಕೆರೆ ಮೊಳಕಾಲ್ಮುರುಗಳಿಂದ ನೇರವಾಗಿ ಪಶ್ಚಿಮಕ್ಕೆ ಗೆರೆ ಎಳೆದರೆ ಅದು ಹೊನ್ನಾವರ, ಕುಮಟಾ, ಗೋಕರ್ಣ, ಅಂಕೋಲೆಗಳ ಬಳಿ ಕಡಲನ್ನು ಮುಟ್ಟುತ್ತದೆ. ಆ ಗೆರೆಯನ್ನು ಹಿಡಿದು ಹೋಗಬೇಕೆಂಬುದು ನನ್ನ ಬಹುದಿನದ ಆಸೆಯಾಗಿತ್ತು. ಹೊರಟಾಗ ಅವ್ವ ಒಂದೇ ಒಂದು ಮಾತು ಹೇಳಿದಳು: “ಅಲ್ಲಿಂದ ಏನಾದರೂ ಒಂದು ಗುರುತು ತಾ.”

ಗೆರೆಯ ಮೇಲೆ ಮೊದಲು ಸಿಕ್ಕಿದ್ದು ಯಾಣ. ನಮ್ಮ ಕರಾವಳಿಯ ಅಂಚು ಹೆಚ್ಚಾಗಿ ಚಿರೇಕಲ್ಲಿನದು. ಸುಣ್ಣಕಲ್ಲಿನ ವೈಭವವನ್ನು ನೋಡಬೇಕಾದರೆ ಕುಮಟಾ ತಾಲ್ಲೂಕಿನ ಕಾಡಿನೊಳಗೆ ಬರಬೇಕು. ಮರಗಳ ನಡುವೆ ಇದ್ದಕ್ಕಿದ್ದಂತೆ ಎರಡು ಕಪ್ಪು ಶಿಖರಗಳು ಮೇಲೆದ್ದಿವೆ. ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90 ಮೀಟರು. ಭಸ್ಮಾಸುರನು ತನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಉರಿದುಹೋದ ಸ್ಥಳವಿದೆಂದೂ, ಕಲ್ಲು ಮಣ್ಣುಗಳ ಕಪ್ಪು ಆ ಉರಿಯದೆಂದೂ ಪುರಾಣ ಹೇಳುತ್ತದೆ. ವಿಜ್ಞಾನದ ವಿವರಣೆ ಉರಿಯನ್ನು ಬಿಟ್ಟು ನೀರನ್ನು ಹಿಡಿಯುತ್ತದೆ. ಮಳೆನೀರು ಗಾಳಿಯಲ್ಲಿಯೂ ಎಲೆಕೊಳೆಯಲ್ಲಿಯೂ ಇರುವ ಇಂಗಾಲದ ಅನಿಲವನ್ನು ಹೀರಿ ಮೆಲ್ಲನೆಯ ಆಮ್ಲವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು ಸುಣ್ಣವನ್ನು ಕರಗಿಸುತ್ತಾ ಹೋಗುತ್ತದೆ. ಕರಗದೆ ಉಳಿದದ್ದು ಶಿಖರವಾಯಿತು, ಕರಗಿದ ಜಾಗ ಗವಿಯಾಯಿತು. ಗವಿಯೊಳಗಿನ ಲಿಂಗದ ಮೇಲೆ ಇಂದಿಗೂ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ಶಿವರಾತ್ರಿಯ ಜಾತ್ರೆಗೆ ಬರುವ ಭಕ್ತರು ಅದನ್ನು ಗಂಗೆಯೆನ್ನುತ್ತಾರೆ. ಆ ಗವಿಯನ್ನು ಕೊರೆದದ್ದು ಅದೇ ನೀರೆಂದು ತಿಳಿದ ಮೇಲೆ ನನಗೂ ಬೇರೆ ಹೆಸರು ತೋಚಲಿಲ್ಲ.

“ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ” ಎಂಬುದು ಆ ಕಡೆಯ ಗಾದೆ. ಹಿಂದೆ ಯಾಣದ ದಾರಿ ಅಷ್ಟು ಕಠಿಣವಾಗಿತ್ತು. 1996ರಲ್ಲಿ ತೆರೆಕಂಡ ‘ನಮ್ಮೂರ ಮಂದಾರ ಹೂವೆ’ ಚಿತ್ರದಲ್ಲಿ ನಾಡಿನ ಜನ ಈ ಶಿಖರಗಳನ್ನು ಕಂಡ ಮೇಲೆ, ರಸ್ತೆಯೂ ಬಂದು, ಗಾದೆಯ ಮೊದಲರ್ಧ ಸಡಿಲವಾಯಿತು. ಅಲ್ಲಿ ನಿಂತಾಗ ನನ್ನ ಮನಸ್ಸಿಗೆ ಬಂದದ್ದು ಬೇರೊಂದು ಸಂಗತಿ. ಯಾಣದ ಈ ಕಲ್ಲೂ ನಮ್ಮ ಮಾರಿಕಣಿವೆಯ ಸುಣ್ಣಕಲ್ಲೂ ಭೂವಿಜ್ಞಾನಿಗಳು ಧಾರವಾಡ ಶಿಲಾಸಮುದಾಯವೆಂದು ಕರೆಯುವ ಒಂದೇ ಕುಲಕ್ಕೆ ಸೇರಿದವು. ಒಂದು ಮೂರು ಸಾವಿರ ಮಿಲಿಮೀಟರು ಮಳೆಯಲ್ಲಿ ನೆನೆದು ಗವಿಯಾಯಿತು. ಇನ್ನೊಂದು ಬಿಸಿಲಿನಲ್ಲಿ ಒಣಗಿ ಗುಡ್ಡವಾಗಿ ಕುಳಿತಿತು.

ಘಟ್ಟ ಇಳಿದರೆ ಅಘನಾಶಿನಿಯ ಅಳಿವೆ. ಇಲ್ಲಿ ಸುಣ್ಣ ಇನ್ನೊಂದು ವೇಷದಲ್ಲಿ ಬರುತ್ತದೆ. ಇಳಿತದ ಹೊತ್ತಿನಲ್ಲಿ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಳಚು ಆಯುತ್ತಾರೆ. ಮಾಂಸ ಊಟಕ್ಕಾಯಿತು, ಚಿಪ್ಪನ್ನು ಸುಟ್ಟರೆ ಸುಣ್ಣವಾಯಿತು. ಕರಾವಳಿಯ ಗೋಡೆಗಳೂ ವೀಳ್ಯದೆಲೆಗಳೂ ತಲೆಮಾರುಗಳ ಕಾಲ ಈ ಚಿಪ್ಪಿನ ಸುಣ್ಣವನ್ನೇ ಉಂಡು ಬಾಳಿದವು. ಬಯಲುಸೀಮೆಯ ನಾವು ನೆಲದಿಂದ ಸುಣ್ಣದ ಹರಳನ್ನು ಆಯ್ದು ಸುಡುತ್ತೇವೆ. ಅವರು ಕಡಲಿನಿಂದ ಆಯುತ್ತಾರೆ. ಗೂಡಿನ ಬೆಂಕಿ ಮಾತ್ರ ಎರಡೂ ಕಡೆ ಒಂದೇ.

ಹೊನ್ನಾವರದ ಎದುರಿಗೆ ಕಡಲಿನಲ್ಲಿರುವ ಬಸವರಾಜದುರ್ಗವು ಕೆಳದಿಯ ಅರಸರ ಕಾಲದ್ದು. ನಡುಗಡ್ಡೆಯನ್ನು ಚಿರೇಕಲ್ಲಿನ ಕೋಟೆ ಬಳಸಿದೆ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ 1623ರಲ್ಲಿ ಪೋರ್ತುಗೀಸರ ರಾಯಭಾರಿಯೊಡನೆ ಈ ಹೊನ್ನಾವರಕ್ಕೇ ಬಂದು, ದೋಣಿಯಲ್ಲಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ವೆಂಕಟಪ್ಪನಾಯಕನ ಇಕ್ಕೇರಿಯನ್ನು ಕಂಡನು. ಮೆಣಸು ಇಳಿದು ಬರುತ್ತಿದ್ದ ದಾರಿಯನ್ನೇ ಅವನು ಹತ್ತಿದ್ದನು.

ಉತ್ತರಕ್ಕೆ, ಕಾರವಾರದ ಬಳಿಯ ಅಂಜದೀವದ ಕಥೆ ವಿಷಾದಕರವಾದುದು. 1498ರಲ್ಲಿ ವಾಸ್ಕೋ ಡ ಗಾಮನು ಹಿಂದಿರುಗುವಾಗ ಇಲ್ಲಿ ತಂಗಿದನು. 1505ರಲ್ಲಿ ಅಲ್ಮೇಡನು ಕೋಟೆ ಕಟ್ಟಿಸಿದನು; ಮರುವರ್ಷವೇ ಅದನ್ನು ಕೆಡವಬೇಕಾಯಿತು. 1662ರಲ್ಲಿ, ವಿವಾಹದ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಪಡಿಸಿಕೊಳ್ಳಲು ಬಂದ ಇಂಗ್ಲಿಷ್ ಸೈನಿಕರಿಗೆ ಪೋರ್ತುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಅವರು ಈ ನಡುಗಡ್ಡೆಯಲ್ಲಿ ಬಿಡಾರ ಹೂಡಿ ಕಾದರು. ರೋಗ ಅವರನ್ನು ಒಬ್ಬೊಬ್ಬರನ್ನಾಗಿ ಕೊಂಡೊಯ್ದಿತು. 1664ರಲ್ಲಿ ನಾಯಕ ಅಬ್ರಹಾಂ ಶಿಪ್‌ಮನ್‌ನೇ ತೀರಿಕೊಂಡನು. 1665ರಲ್ಲಿ ಮುಂಬಯಿ ಕೈಸೇರುವ ಹೊತ್ತಿಗೆ ನೂರಾರು ಮಂದಿಯಲ್ಲಿ ಉಳಿದವರು ನೂರರ ಆಸುಪಾಸು. ಮುಂದೆ 1961ರ ಡಿಸೆಂಬರಿನಲ್ಲಿ, ಗೋವಾ ವಿಮೋಚನೆಯ ಕಾಲದಲ್ಲಿ, ಇದೇ ನಡುಗಡ್ಡೆಯನ್ನು ಬಿಡಿಸಿಕೊಳ್ಳಲು ಇಳಿದ ನಮ್ಮ ನೌಕಾಪಡೆಯ ಏಳು ಮಂದಿ ವೀರರು ಪ್ರಾಣ ತೆತ್ತರು. ಇಂದು ಅದು ನೌಕಾನೆಲೆಯ ಭಾಗ; ಅದನ್ನು ದಡದಿಂದಲೇ ನೋಡಿ ಕೈಮುಗಿದೆ.

ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳಿಗೂ ಹೋಗಿಬಂದೆ. ವಾಸ್ಕೋ ಡ ಗಾಮನು ಇಟ್ಟನೆಂದು ಹೇಳುವ ಹೆಸರು ಐನೂರು ವರ್ಷಗಳದು; ಅಲ್ಲಿಯ ಕಂಬಗಳಂಥ ಕಲ್ಲುಗಳಿಗೆ ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ನಮ್ಮ ಭೂಖಂಡದಿಂದ ಬೇರ್ಪಟ್ಟ ಕಾಲದ ಬೆಂಕಿಯಲ್ಲಿ ಅವು ಹುಟ್ಟಿದವು. ಅಲ್ಲಿ ಕಾಲಿಗೆ ಸಿಗುವುದು ಮರಳಿಗಿಂತ ಹೆಚ್ಚಾಗಿ ಕಪ್ಪೆಚಿಪ್ಪು. ಒಂದು ಹಿಡಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ.

ಊರಿಗೆ ಬಂದು ಅವ್ವನ ಮಡಿಲಿಗೆ ಸುರಿದೆ. ಅವಳು ಒಂದೊಂದನ್ನೂ ತಿರುಗಿಸಿ ನೋಡಿದಳು. ಕಡಲಿನ ಅಗಾಧತೆಯನ್ನು ನಾನು ಬಣ್ಣಿಸುತ್ತಿದ್ದೆ. ಕೇಳಿ ಮುಗಿದ ಮೇಲೆ, “ಅಷ್ಟೊಂದು ನೀರೈತೆ ಅಂತೀಯ, ಒಂದು ಬೊಗಸೆ ಕುಡಿಯೋಕೆ ಬರಲ್ಲ ಅಂತೀಯ. ಅದು ಎಂಥ ಸಮುದ್ರನಪ್ಪ!” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ನಗುತ್ತಾ ಅವಳೇ ಮುಂದುವರಿಸಿದಳು: “ಸುಟ್ಟರೆ ಎಲೆಗೆ ಸುಣ್ಣ ಆದೀತು, ಇರಲಿ.” ಅವಳು ಸುಡಲಿಲ್ಲ. ಅವಳು ಹೋದ ಮೇಲೆ ಆ ಚಿಪ್ಪುಗಳು ಅವಳ ಎಲೆಯಡಿಕೆ ಚೀಲದಲ್ಲಿಯೇ ಸಿಕ್ಕವು.

ಅವಳ ಪ್ರಶ್ನೆ ಈಗಲೂ ನನ್ನನ್ನು ಬಿಟ್ಟಿಲ್ಲ. ನಾವು ಕಡಲನ್ನು ನೋಡಲು ಹೋಗುತ್ತೇವೆ. ಗವಿಗಳ ಮುಂದೆ ನಿಂತು ಬೆರಗಾಗುತ್ತೇವೆ. ಊರಿನ ಸಮುದ್ರದಲ್ಲಿ ಹೂಳು ತುಂಬಿ ಜಾಲಿ ಬೆಳೆದರೆ ಅದನ್ನು ನೋಡಲು ಯಾರೂ ಪ್ರವಾಸ ಹೋಗುವುದಿಲ್ಲ. ಆದರೆ ಈ ಎರಡು ನೀರುಗಳನ್ನೂ ಒಂದೇ ಸಾಲಿನಲ್ಲಿ ಎಣಿಸಿದ ಪ್ರಸಂಗವೊಂದು ಈಚೆಗೆ ನಡೆಯಿತು. 2024ರ ಜನವರಿಯ ಕೊನೆಯಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗುನೆಲಗಳ ಪಟ್ಟಿಗೆ ಕರ್ನಾಟಕದಿಂದ ಹೊಸದಾಗಿ ಸೇರಿದ ತಾಣಗಳು ಮೂರು. ಒಂದು ಅಘನಾಶಿನಿಯ ಅಳಿವೆ. ಇನ್ನೊಂದು ಗದಗ ಜಿಲ್ಲೆಯ ಮಾಗಡಿ ಕೆರೆ. ಮೂರನೆಯದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಅದೂ ಬಯಲುಸೀಮೆಯ ಒಂದು ಕೆರೆಯೇ, ಅದಕ್ಕೂ ಸಮುದ್ರವೆಂಬ ಹೆಸರೇ.

ವಾಣಿವಿಲಾಸ ಸಾಗರವು 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷಗಳ ಮೇಲೆ. ಆ ನೀರನ್ನು ನೋಡಲು ಜನ ಗಾಡಿ ಕಟ್ಟಿಕೊಂಡು ಬಂದರು. ಕೋಡಿಯ ಬಳಿ ನಿಂತ ಮುದುಕಿಯೊಬ್ಬಳು ಬಗ್ಗಿ, ಒಂದು ಬೊಗಸೆ ನೀರೆತ್ತಿ, ಕಣ್ಣಿಗೊತ್ತಿಕೊಂಡು, ಕುಡಿದಳು. ನನ್ನ ಅವ್ವ ಕೇಳಿದ್ದು ಈ ಸಮುದ್ರವನ್ನು.