ಬರಹ ಮತ್ತು ಅದರ ಗುರುತು: ಪಹಣಿಯನ್ನು ಓದುವ ಕ್ರಮ

ದಾಖಲೆಯೊಂದನ್ನು ಆಧಾರವಾಗಿ ಸ್ವೀಕರಿಸುವ ಇತಿಹಾಸಕಾರನು ಅದರ ಬರಹವನ್ನೂ ಗುರುತುಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಗುರುತುಗಳೆಂದರೆ ಕಾಲ, ಒಡೆತನ, ಸ್ಥಳ ಮೊದಲಾದವು. ಬರಹ ಬದಲಾದೊಡನೆ ಇವೂ ಬದಲಾಗುತ್ತವೆಂಬ ನಂಬಿಕೆ ಎಲ್ಲೆಡೆಯೂ ಸಲ್ಲದು.

ಗಣಕಯಂತ್ರದಲ್ಲಿ ಈ ದೋಷವು ಸ್ಫುಟವಾಗಿ ಕಾಣುತ್ತದೆ. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟುವರ್ಟ್ ಫೆಲ್ಡ್‌ಮನ್ ರಚಿಸಿದ 'ಮೇಕ್' ಎಂಬ ಸಾಧನವು ಕಡತಗಳ ಒಳಗನ್ನು ನೋಡದೆ, ಅವು ತಿದ್ದಲ್ಪಟ್ಟ ವೇಳೆಯನ್ನು ಮಾತ್ರ ಹೋಲಿಸುತ್ತದೆ. ತಿದ್ದುಪಡಿಯನ್ನು ಉಳಿಸುವಾಗ ಆ ವೇಳೆ ಹಳೆಯದಾಗಿಯೇ ಉಳಿದರೆ, ಹೊಸ ಬರಹವಿದ್ದೂ ಇಲ್ಲದಂತಾಗುತ್ತದೆ. ಇನ್ನು ಕೆಲವು ಸಂಪಾದಕ ತಂತ್ರಾಂಶಗಳು ಹೊಸ ಕಡತವನ್ನೇ ಬರೆದು, ಅದಕ್ಕೆ ಹಳೆಯದರ ಹೆಸರಿಡುತ್ತವೆ; ಎಚ್ಚರ ವಹಿಸದಿದ್ದಲ್ಲಿ ಮೂಲದ ಒಡೆತನ, ಅನುಮತಿಗಳು ಕಳೆದುಹೋಗುತ್ತವೆ.

ನಮ್ಮ ಗ್ರಾಮಲೆಕ್ಕಗಳಲ್ಲಿ ಇದೇ ಸಮಸ್ಯೆ ಬಹು ಹಿಂದಿನದು. ಯಾದಗಿರಿ ಸೀಮೆಯ ಕೊಂಕಲ್‌ನಂತಹ ಊರನ್ನು ನೋಡೋಣ. ಹೈದರಾಬಾದಿನಲ್ಲಿ ಭೂಮಿಯ ಹಕ್ಕುದಾಖಲೆಗಳ ನಿಬಂಧನೆಯು ಫಸಲಿ 1358ರಲ್ಲಿ, ಎಂದರೆ ಸುಮಾರು 1948ರಲ್ಲಿ ಆಯಿತು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವೆಂದಾಯಿತು. 2009ರಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಹೊಲ ಕದಲಲಿಲ್ಲ, ಅದರ ತಲೆಬರಹ ಮಾತ್ರ ಮತ್ತೆ ಮತ್ತೆ ಬದಲಾಯಿತು.

ಇದಕ್ಕೆ ವಿಪರೀತವಾದ ಸಂಗತಿಯೇ ಹೆಚ್ಚು ಗಂಭೀರವಾದುದು. ಪಹಣಿಯಲ್ಲಿ ಬೆಳೆಯ ವಿವರವು ವರ್ಷವರ್ಷವೂ ಹೊಸದಾಗಿ ಬೀಳುತ್ತದೆ. 9ನೆಯ ಅಂಕಣದ ಖಾತೆದಾರನ ಹೆಸರಾದರೋ ಹಕ್ಕು ಬದಲಾವಣೆಯ ಆದೇಶವಿಲ್ಲದೆ ಬದಲಾಗದು. 1964ರ ಭೂಕಂದಾಯ ಕಾಯಿದೆಯ 128ನೆಯ ಕಲಮಿನಂತೆ ಉತ್ತರಾಧಿಕಾರದಿಂದ ಹಕ್ಕು ಪಡೆದವನು 3 ತಿಂಗಳೊಳಗೆ ಅದನ್ನು ವರದಿ ಮಾಡಬೇಕು. ವಾರಸುದಾರರು ಪೌತಿ ಖಾತೆ ಮಾಡಿಸಿಕೊಳ್ಳದಿದ್ದಲ್ಲಿ, ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಮೊಮ್ಮಗನ ಬೆಳೆ ದಾಖಲಾಗುತ್ತದೆ.

ಇದು ಕೇವಲ ಲೆಕ್ಕಪತ್ರದ ಕೊರತೆಯಲ್ಲ. ಅದೇ ಕಾಯಿದೆಯ 133ನೆಯ ಕಲಮು, ವಿರುದ್ಧವಾಗಿ ಸಿದ್ಧವಾಗುವವರೆಗೆ ದಾಖಲೆಯ ನಮೂದನ್ನೇ ಸತ್ಯವೆಂದು ಭಾವಿಸುತ್ತದೆ. ಗೇಣಿ ಭೂಮಿಗಳು 1974ರ ಮಾರ್ಚ್ 1ರಂದು ಸರ್ಕಾರದಲ್ಲಿ ನಿಹಿತವಾದಾಗ, 12ನೆಯ ಅಂಕಣದಲ್ಲಿ ಹೆಸರಿದ್ದ ಉಳುವವನ ಕೈಯಲ್ಲಿ ಪ್ರಬಲ ಸಾಕ್ಷ್ಯವಿತ್ತು. ಉತ್ತರೂ ಹೆಸರು ಬರೆಯಿಸಿಕೊಳ್ಳದಿದ್ದವನು ಬೇರೆ ಪುರಾವೆಯನ್ನು ಅರಸಬೇಕಾಯಿತು.

ಮುಂದೆ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಪಟ್ಟಿಯಲ್ಲಿ ಹೆಸರು ಮರೆಯಾಗಿ ತಿದ್ದುವ ಅವಕಾಶ ಕುಗ್ಗಿದುದು ಇದರ ದೊಡ್ಡ ಲಾಭ. ಆದರೆ ಪೌತಿಯಾಗದ ಖಾತೆಯ ಮುದ್ರಿತ ಪ್ರತಿಯಲ್ಲಿ ದಿನಾಂಕ ಇಂದಿನದು, ಒಡೆಯನ ಹೆಸರು ಹಿಂದಿನ ತಲೆಮಾರಿನದು.

ಆದ್ದರಿಂದ ಸಂಶೋಧಕ ವಿದ್ಯಾರ್ಥಿಗಳು ಪಹಣಿಯ ಪ್ರತಿಯೊಂದು ಅಂಕಣಕ್ಕೂ ಅದರದೇ ಆದ ಕಾಲವಿದೆಯೆಂದು ತಿಳಿಯತಕ್ಕದ್ದು. ಖಾತೆದಾರನ ಹೆಸರನ್ನು ಹಕ್ಕು ಬದಲಾವಣೆಯ ವಹಿಯೊಡನೆ ಹೋಲಿಸಿದ ಮೇಲೆಯೇ, ಒಂದು ವರ್ಷದ ಭೂಹಿಡುವಳಿಯ ವಿಷಯವಾಗಿ ನಾವು ಮಾತನಾಡಬಹುದು.